ಉಮ್ಮತ್ತಾಟ್ ಕಲಿಸುವಾಗ ನಾನು ಹಾಡಿನಿಂದಲೇ ಶುರು ಮಾಡುತ್ತೇನೆ

ನಮ್ಮೂರಿನ ಹೆಣ್ಣುಮಕ್ಕಳಿಗೆ ಕೊಡವ ಹೆಂಗಸರ ಕುಣಿತವಾದ ಉಮ್ಮತ್ತಾಟ್ ಕಲಿಸುತ್ತಾ ಹಲವು ವರ್ಷಗಳಾದವು. ಹೊಸದಾಗಿ ಬಂದವರೆಲ್ಲ ಕೇಳುವುದು ಒಂದೇ, "ಸ್ಟೆಪ್ ಯಾವಾಗ ಹೇಳಿಕೊಡ್ತೀರಿ ಆಂಟಿ?" ಸ್ಟೆಪ್ ಆಮೇಲೆ. ಮೊದಲು ಕೂತು ಹಾಡಬೇಕು, ತಾಳವನ್ನೂ ಮುಟ್ಟದೆ, ಬರೀ ಚಪ್ಪಾಳೆ ಹಾಕಿಕೊಂಡು.

ನಾನು ಕಲಿತದ್ದೂ ಹಾಗೆಯೇ. ಮದುವೆಯಾಗಿ ಬಂದ ಮೇಲೆ, ಮಳೆಗಾಲದಲ್ಲಿ, ಐನ್‌ಮನೆಯ ಕಯ್ಯಾಲೆಯಲ್ಲಿ, ಅಂದರೆ ಮನೆತನದ ಹಳೆಯ ಮನೆಯ ಜಗಲಿಯಲ್ಲಿ, ಅತ್ತೆ ಕೂರಿಸಿಕೊಂಡು ಹೇಳಿಕೊಟ್ಟರು. ಹೆಂಚಿನ ಮೇಲೆ ಮಳೆ ಹೊಡೆಯುತ್ತಿದ್ದರೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. "ಜೋರಾಗಿ ಹಾಡು, ಮಳೆಗೂ ಕೇಳಲಿ" ಅನ್ನುತ್ತಿದ್ದರು. ಬಗ್ಗಿ ಎದ್ದು ಕುಣಿಯುತ್ತಾ ಹಾಡುವಾಗ ಉಸಿರು ಎಷ್ಟು ಬೇಕು ಅನ್ನುವುದು ಆಮೇಲೆ ಗೊತ್ತಾಯಿತು.

ಈ ಕುಣಿತದಲ್ಲಿ ನಡುವೆ ಒಬ್ಬಳು ನೀರು ತುಂಬಿದ ಕೊಡ ಹಿಡಿದು ನಿಲ್ಲುತ್ತಾಳೆ. ಅವಳೇ ಕಾವೇರಮ್ಮೆ, ಅಂದರೆ ತಾಯಿ ಕಾವೇರಿ. ಉಳಿದವರು ಅವಳ ಸುತ್ತ ಹಿತ್ತಾಳೆ ತಾಳ ಹೊಡೆಯುತ್ತಾ ತಿರುಗುತ್ತಾರೆ. ಈಗ ವೇದಿಕೆ ಕಾರ್ಯಕ್ರಮಗಳಲ್ಲಿ "ಟ್ರ್ಯಾಕ್ ಪೆನ್‌ಡ್ರೈವ್‌ನಲ್ಲಿ ಕೊಡಿ" ಅಂತ ಕೇಳುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ, ಅಲ್ವಾ? ಬಾಯಿಂದ ಹಾಡುವಾಗ ಒಬ್ಬಳು ಹಿಂದೆ ಬಿದ್ದರೆ ಅದೇ ಸಾಲನ್ನು ಇನ್ನೊಂದು ಸಲ ಹಾಡಿ ಅವಳನ್ನು ಸೇರಿಸಿಕೊಳ್ಳಬಹುದು, ಎಲ್ಲರ ಕಾಲು ಒಂದಾಯಿತು ಅನ್ನಿಸಿದಾಗ ವೇಗ ಏರಿಸಬಹುದು, ಆ ಏರಿಕೆ ಬರುವುದೇ ಕುಣಿಯುವವರ ಮೈಯಿಂದ.

ಗಂಡಸರ ಬೊಳಕಾಟ್ ನೋಡಿ. ಕೈಯಲ್ಲಿ ಕೂದಲಿನ ಕುಚ್ಚಿನ ಚವರಿ, ನಡುವೆ ದೀಪ, ಜೊತೆಗೆ ದುಡಿ ಅನ್ನುವ ಪುಟ್ಟ ಚರ್ಮವಾದ್ಯ ಮತ್ತು ಹಾಡು. ಸುಗ್ಗಿಯ ಹಬ್ಬವಾದ ಪುತ್ತರಿಯ ಹೊತ್ತಿನಲ್ಲಿ ನಾಲ್ಕು ಜನ ದುಡಿ ಹಿಡಿದು ಕೂತು, ಇಬ್ಬರು ಹೇಳಿದ್ದನ್ನು ಇನ್ನಿಬ್ಬರು ಎತ್ತಿಕೊಂಡು ಹಾಡುವುದನ್ನು ಕೇಳಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿದ ಕೊಡವ ಹಾಡುಗಳು 1924ರಲ್ಲಿ ಅಚ್ಚಾದವು. ಅಲ್ಲಿಯವರೆಗೆ ಅವು ಉಳಿದಿದ್ದು ಹಾಡುವವರ ಬಾಯಲ್ಲೇ.

ನನ್ನ ಹತ್ತಿರ ಬರುವವರಲ್ಲಿ ಕೊಡವ ತಕ್ಕ್ (ಕೊಡವ ಭಾಷೆ) ಬಾರದ ಮಕ್ಕಳೂ ಇದ್ದಾರೆ. ಅವರಿಗೆ ಪ್ರತಿ ಸಾಲಿನ ಅರ್ಥ ಕನ್ನಡದಲ್ಲಿ ಹೇಳಿ ಆಮೇಲೆ ಹಾಡಿಸುತ್ತೇನೆ. ಸುಮ್ನೆ ಬಾಯಿಪಾಠ ಮಾಡಿದರೆ ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅನ್ನುವುದು ಗೊತ್ತಾಗುವುದಿಲ್ಲ.

ಹಾಡು ಕೂತ ಮೇಲೆ ತಾಳ. ದಾರವನ್ನು ಬೆರಳಿಗೆ ಸುತ್ತಿ ಹಿಡಿಯಬೇಕು. ಅಂಗೈ ತಾಗಿದರೆ ನಾದ ಸತ್ತುಹೋಗುತ್ತದೆ. ಆಮೇಲೆ ಸೊಂಟ. ಕೆಳಗೆ ಬಗ್ಗಿ ಒಂದು ಏಟು, ಎದ್ದು ಒಂದು ಏಟು, ಮೈ ತೂಗುತ್ತಲೇ ಇರಬೇಕು. ಕಷ್ಟ ಜಾಸ್ತಿ ಆಗುವುದು ಭರತನಾಟ್ಯ ಕಲಿತು ಬಂದವರಿಗೆ. ಅವರ ತಾಳಜ್ಞಾನ ಬಹಳ ಚೆನ್ನಾಗಿರುತ್ತದೆ, ಆದರೆ ಅರಮಂಡಿಗೆ ಕೂತು, ಮುಖವನ್ನು ಪ್ರೇಕ್ಷಕರ ಕಡೆಗೇ ತಿರುಗಿಸುತ್ತಾರೆ. ಉಮ್ಮತ್ತಾಟ್‌ಗೆ ಎದುರು ಅನ್ನುವುದೇ ಇಲ್ಲ. ನೋಡಬೇಕಾದದ್ದು ನಡುವಿನ ಕೊಡವನ್ನು, ಪಕ್ಕದವಳ ಕೈಯನ್ನು. ಅದಕ್ಕೆ ಅಭ್ಯಾಸದ ವೇಳೆ ನೋಡಲು ಬಂದ ಅಮ್ಮಂದಿರನ್ನು ಸುತ್ತಲೂ ಕೂರಿಸುತ್ತೇನೆ. ಯಾವ ಕಡೆ ತಿರುಗಿದರೂ ಜನ ಇದ್ದರೆ ಮಕ್ಕಳು ತಾವಾಗಿಯೇ ಒಳಗೆ ನೋಡುತ್ತಾರೆ.

ಸೀರೆ ಉಡಿಸಿಯೇ ಅಭ್ಯಾಸ ಮಾಡಿಸುತ್ತೇನೆ. ನಮ್ಮಲ್ಲಿ ನೆರಿಗೆ ಹಿಂದೆ ಬರುವುದರಿಂದ ಬಗ್ಗುವಾಗ ಕಾಲಿಗೆ ಸಿಕ್ಕಿಕೊಳ್ಳುವುದಿಲ್ಲ. ಸೆರಗನ್ನು ಮಾತ್ರ ಬಲ ಭುಜದ ಮೇಲೆ ಗಟ್ಟಿಯಾಗಿ ಪಿನ್ ಮಾಡಿ. ಪತ್ತಾಕ್, ಜೋಮಾಲೆಯಂಥ ಒಡವೆಗಳೆಲ್ಲ ಕಾರ್ಯಕ್ರಮದ ದಿನಕ್ಕೆ ಸಾಕು.

2023ರಲ್ಲಿ ರಾಣಿ ಮಾಚಯ್ಯ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಮಕ್ಕಳಿಗೆ ಆದ ಖುಷಿ ಹೇಳತೀರದು. ಉಮ್ಮತ್ತಾಟ್‌ಗಾಗಿ ಜೀವನವಿಡೀ ದುಡಿದವರು ಅವರು.

ಕಾಫಿ ಕೊಯ್ಲು ಶುರುವಾದರೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ಅದಕ್ಕೆ ಮಳೆಗಾಲದಲ್ಲೇ ಹಾಡು ಮುಗಿಸಿ, ಅಕ್ಟೋಬರ್‌ನ ಕಾವೇರಿ ಸಂಕ್ರಮಣದ ಹೊತ್ತಿಗೆ ಕುಣಿತ ಸಿದ್ಧ ಮಾಡಿಕೊಳ್ಳುತ್ತೇವೆ. ಕಾರ್ಯಕ್ರಮಕ್ಕೆ ಕರೆಯುವವರಿಗೆ ನನ್ನದು ಒಂದೇ ಬೇಡಿಕೆ. ಟ್ರ್ಯಾಕ್ ಬೇಡ, ಹಾಡುವವರ ದನಿ ಹಿಡಿಯುವ ಹಾಗೆ ಒಳ್ಳೆಯ ಮೈಕ್ ಕೊಡಿ. ತಾಳಕ್ಕೆ ಮೈಕ್ ಬೇಕಾಗಿಲ್ಲ, ಅದು ಕೊನೆಯ ಸಾಲಿನವರೆಗೂ ಕೇಳಿಸುತ್ತದೆ.