ದೋಹಾದ ಬಯಲು ಕಲೆ: ಪಟ್ಟಿ ಆಮೇಲೆ, ಬಿಸಿಲು ಮೊದಲು

ಕತಾರಿನ ರಾಜಧಾನಿ ದೋಹಾದಲ್ಲಿ ಬಯಲಿನಲ್ಲಿಟ್ಟ ಶಿಲ್ಪಗಳನ್ನೂ ಗೋಡೆಚಿತ್ರಗಳನ್ನೂ ನೋಡಲು ಹೊರಡುವವರು ಸಾಮಾನ್ಯವಾಗಿ ಹೆಸರುಗಳ ಪಟ್ಟಿ ಹಿಡಿದು, ಹತ್ತಿರದ್ದರಿಂದ ಶುರು ಮಾಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಬೆವರಿ, ಎಲ್ಲವೂ ಒಂದೇ ಥರ ಬಿಳಿಚಿಕೊಂಡ ಫೋಟೋಗಳೊಂದಿಗೆ ಮನೆಗೆ ಬರುತ್ತಾರೆ. ನಾನು ಪ್ರತಿ ಕೃತಿಯ ಹೆಸರಿನ ಮುಂದೆ ಮೂರು ಸಂಗತಿ ಬರೆದಿಟ್ಟುಕೊಳ್ಳುತ್ತೇನೆ: ಅದರ ಮುಖ ಯಾವ ದಿಕ್ಕಿಗಿದೆ, ಅಲ್ಲಿಗೆ ಮೆಟ್ರೊ ಸಾಕೋ, ಕಾರು ಬೇಕೋ, ಫೋರ್ ವೀಲ್ ಗಾಡಿಯೇ ಆಗಬೇಕೋ, ಅದು ಈಗಲೂ ಅಲ್ಲೇ ಇದೆ ಅಂತ ಖಾತ್ರಿಯಾದದ್ದು ಯಾವಾಗ.

ಮೂರನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಲ್ಲಿ ಕೃತಿಗಳು ಜಾಗ ಬದಲಿಸುತ್ತವೆ, ಕೆಲವೊಮ್ಮೆ ಕಣ್ಮರೆಯೂ ಆಗುತ್ತವೆ. ಫುಟ್‌ಬಾಲ್ ಆಟಗಾರ ಜಿದಾನ್ ಎದುರಾಳಿಯ ಎದೆಗೆ ತಲೆಯಿಂದ ಗುದ್ದುವ ಅದೆಲ್ ಅಬ್ದೆಸ್ಸೆಮೆದ್ ಅವರ ಕಂಚಿನ ಶಿಲ್ಪ 2013ರಲ್ಲಿ ಸಮುದ್ರದಂಚಿನ ಕಾರ್ನಿಷ್ ರಸ್ತೆಯಲ್ಲಿ ನಿಂತಿತು. ಆಕ್ಷೇಪ ಬಂದದ್ದೇ ತೆಗೆದರು, 2022ರಲ್ಲಿ 3-2-1 ಒಲಿಂಪಿಕ್ ಕ್ರೀಡಾ ಮ್ಯೂಸಿಯಂಗೆ ತಂದಿಟ್ಟರು. ಸಿದ್ರಾ ಆಸ್ಪತ್ರೆಯ ಮುಂದೆ ಡೇಮಿಯನ್ ಹರ್ಸ್ಟ್ ಅವರ 14 ಕಂಚಿನ ಶಿಲ್ಪಗಳಿವೆ, ಗರ್ಭ ಕಟ್ಟುವಲ್ಲಿಂದ ಹಿಡಿದು ಹುಟ್ಟಿದ ಮಗುವಿನವರೆಗೆ. 2013ರಲ್ಲಿ ಅನಾವರಣವಾದ ಮೇಲೆ ಅವನ್ನೂ ಮುಚ್ಚಿಟ್ಟು, ಮತ್ತೆ ತೆರೆದದ್ದು 2018ರಲ್ಲಿ. ಹಾಗಾಗಿ ಹಳೆಯ ಪಟ್ಟಿ ಸಿಕ್ಕರೆ ಅದನ್ನು ಸುಳಿವು ಅಂದುಕೊಳ್ಳಿ, ವಿಳಾಸ ಅಂದುಕೊಳ್ಳಬೇಡಿ. ಮ್ಯಾಪಿನಲ್ಲಿ ಜನ ಹಾಕಿದ ಇತ್ತೀಚಿನ ಫೋಟೋದ ತಾರೀಖು ನೋಡಿ ಹೊರಡುವುದೇ ಸರಿ.

ಇನ್ನು ಬಿಸಿಲು. ದೋಹಾ ಇರುವುದು 25 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಜೂನ್ ನಡುಹಗಲಲ್ಲಿ ಸೂರ್ಯ ಸುಮಾರು 88 ಡಿಗ್ರಿ ಎತ್ತರ, ಅಂದರೆ ನೆತ್ತಿಯ ಮೇಲೆ. ಡಿಸೆಂಬರಿನಲ್ಲಿ 41 ಡಿಗ್ರಿಯಷ್ಟೇ. ನೆತ್ತಿಯ ಬಿಸಿಲು ಗೋಡೆಯನ್ನು ಮೇಲಿಂದ ಕೆಳಕ್ಕೆ ಸವರಿಕೊಂಡು ಇಳಿಯುವಾಗ ಗಾರೆಯ ಉಬ್ಬುತಗ್ಗುಗಳೇ ಎದ್ದು ಕಾಣುತ್ತವೆ, ಚಿತ್ರ ಹಿಂದೆ ಸರಿಯುತ್ತದೆ. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವುದರಿಂದ ನಡೆಯುವ ಮಾತೂ ಇಲ್ಲ. ನವೆಂಬರ್ ಮಧ್ಯದಿಂದ ಮಾರ್ಚ್ ಕೊನೆಯವರೆಗೆ ಈ ಕೆಲಸದ ಸೀಸನ್. ಪೂರ್ವಕ್ಕೆ ಮುಖ ಮಾಡಿದ ಗೋಡೆ ಬೆಳಗ್ಗೆ ಹತ್ತರೊಳಗೆ, ಪಶ್ಚಿಮದ್ದು ಎರಡೂವರೆಯ ಮೇಲೆ. ದಕ್ಷಿಣದ ಗೋಡೆಗೆ ಚಳಿಗಾಲದಲ್ಲಿ ದಿನವಿಡೀ ಬೆಳಕು. ಉತ್ತರದ ಗೋಡೆ ಆ ತಿಂಗಳುಗಳಲ್ಲಿ ಪೂರಾ ನೆರಳಲ್ಲಿರುತ್ತದೆ. ಬಣ್ಣ ಒಂದೇ ಸಮ ಬರುವುದರಿಂದ ಅದನ್ನು ನಡುಹಗಲಿಗೆ ಮೀಸಲಿಡುತ್ತೇನೆ. ಡಿಸೆಂಬರಿನಲ್ಲಿ ಸಂಜೆ ಮುಕ್ಕಾಲು ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಶುಕ್ರವಾರದ ಊಟ ಮುಗಿಸಿ ನಿಧಾನಕ್ಕೆ ಹೊರಟವರಿಗೆ ಪಶ್ಚಿಮದ ಗೋಡೆ ಒಂದೋ ಎರಡೋ ಸಿಕ್ಕರೆ ಹೆಚ್ಚು.

ಮೆಟ್ರೊದಲ್ಲಿ ಆಗುವಷ್ಟನ್ನು ಒಂದೇ ದಿನಕ್ಕೆ ಕಟ್ಟಿಕೊಳ್ಳಬಹುದು. ಸಾಮಾನ್ಯ ದರ್ಜೆಯಲ್ಲಿ ಒಂದು ಪ್ರಯಾಣಕ್ಕೆ 2 ರಿಯಾಲ್, ದಿನವಿಡೀ ಓಡಾಡಿದರೂ 6 ರಿಯಾಲ್. ಶುಕ್ರವಾರದ ಸಮಯ ಬೇರೆ ಇರುತ್ತದೆ, ನೋಡಿಕೊಳ್ಳಿ. ರೆಡ್ ಲೈನಿನ ಕತಾರಾ ನಿಲ್ದಾಣದಲ್ಲಿ ಇಳಿದರೆ ಸುಬೋಧ್ ಗುಪ್ತಾ ಅವರ ‘ಗಾಂಧೀಸ್ ತ್ರೀ ಮಂಕೀಸ್’ ಇದೆ: ಮೂರು ದೈತ್ಯ ತಲೆಗಳು, ಒಂದಕ್ಕೆ ಸೈನಿಕನ ಹೆಲ್ಮೆಟ್, ಒಂದಕ್ಕೆ ಗ್ಯಾಸ್ ಮಾಸ್ಕ್, ಇನ್ನೊಂದಕ್ಕೆ ಮುಖ ಮುಚ್ಚುವ ಮುಸುಕು. ದೂರದಿಂದ ಲೋಹದ ತಲೆಯಷ್ಟೇ. ಹತ್ತಿರ ಹೋಗಿ, ಮೂರರಲ್ಲಿ ಪಾತ್ರೆಪಗಡಗಳಿಂದ ಕಟ್ಟಿದ್ದು ಯಾವುದು ಅಂತ ಹುಡುಕಿ. ನಮ್ಮ ಅಡುಗೆಮನೆಯ ಅಟ್ಟದ ಮೇಲಿರುವಂಥ ಪಾತ್ರೆಗಳು ಕಣ್ಣಿಗೆ ಬೀಳುತ್ತವೆ. ಫ್ರೇಮಿನಲ್ಲಿ ಮೂರನ್ನೂ ತುರುಕಲು ಹಿಂದೆ ಹಿಂದೆ ಹೋಗುವವರಿಗೆ ಇದು ತಪ್ಪಿಹೋಗುತ್ತದೆ.

ಗೋಲ್ಡ್ ಲೈನಿನ ಸೂಕ್ ವಾಕಿಫ್‌ನಲ್ಲಿ ಸೆಜಾರ್ ಅವರ ದೊಡ್ಡ ಹೆಬ್ಬೆರಳು. ಸ್ಪೋರ್ಟ್ ಸಿಟಿಯಲ್ಲಿ ಇಳಿದರೆ ಆಸ್ಪೈರ್ ಪಾರ್ಕಿನಲ್ಲಿ ಸಾರಾ ಲೂಕಸ್ ಅವರ ಕುದುರೆಗಾಡಿ, ಅದರ ಮೇಲೆ ಕಾಂಕ್ರೀಟಿನ ಎರಡು ಬೃಹತ್ ತರಕಾರಿ. ನ್ಯಾಷನಲ್ ಮ್ಯೂಸಿಯಂ ನಿಲ್ದಾಣದಿಂದ ಸಮುದ್ರದ ಅಂಚು ಹಿಡಿದು ನಡೆದರೆ ಇಸ್ಲಾಮಿಕ್ ಕಲಾ ಮ್ಯೂಸಿಯಂನ ಪಾರ್ಕು, ಅಲ್ಲಿ ನೀರಿನೊಳಕ್ಕೆ ಚಾಚಿದ ಕಟ್ಟೆಯ ತುದಿಯಲ್ಲಿ ರಿಚರ್ಡ್ ಸೆರ್ರಾ ಅವರ ‘7’. 2011ರದ್ದು, ಏಳು ಉಕ್ಕಿನ ಹಾಳೆಗಳ ಗೋಪುರ, ಎತ್ತರ ಸುಮಾರು 24 ಮೀಟರ್. ಹೊರಗಿನಿಂದ ಫೋಟೋ ಹೊಡೆದು ಹೊರಟುಬಿಡಬೇಡಿ. ಒಳಗೆ ನಿಂತು ಮೇಲೆ ನೋಡಿದರೆ ಏಳು ಮೂಲೆಯ ಆಕಾಶ. ಒಳಗೆ ಕತ್ತಲು, ಮೇಲೆ ಬೆಳಕು, ಹಾಗಾಗಿ ಫೋನಿನಲ್ಲಿ ಆಕಾಶದ ಮೇಲೆ ಒತ್ತಿ ಹಿಡಿದು ಎಕ್ಸ್‌ಪೋಷರ್ ಇಳಿಸಬೇಕು, ಇಲ್ಲದಿದ್ದರೆ ಆ ಏಳು ಮೂಲೆಗಳು ಬರೀ ಬಿಳಿ ಮಚ್ಚೆಯಾಗುತ್ತವೆ.

ಗೋಡೆಚಿತ್ರಗಳ ಕಥೆ ಬೇರೆ. ಕತಾರ್ ಮ್ಯೂಸಿಯಮ್ಸ್‌ನ ಜೆದಾರಿಯಾರ್ಟ್ ಯೋಜನೆಯಲ್ಲಿ ಹೊಸ ಹೊಸ ಗೋಡೆಗಳು ಬರುತ್ತಲೇ ಇರುತ್ತವೆ, ಹಳೆಯವು ಕಟ್ಟಡದ ಜೊತೆಗೇ ಹೋಗುತ್ತವೆ. ಇವನ್ನು ಮ್ಯಾಪಿನಲ್ಲಿ ಹುಡುಕುವುದಕ್ಕಿಂತ ಕಾಲಲ್ಲಿ ಹುಡುಕುವುದು ವಾಸಿ: ಪಾರ್ಕಿಂಗ್ ಜಾಗದ ಪಕ್ಕದ ಬೋಳು ಗೋಡೆ, ಅಂಡರ್‌ಪಾಸ್, ಹಳೆ ಬಡಾವಣೆಯ ಹಿಂದಿನ ಓಣಿ. ಸಿಕ್ಕ ಕೂಡಲೇ ಮೊದಲ ಫೋಟೋ ಕೆಳಗಿನ ಮೂಲೆಯದ್ದು ತೆಗೆಯಿರಿ; ಕಲಾವಿದರ ಸಹಿ ಅಥವಾ ಇನ್‌ಸ್ಟಾಗ್ರಾಮ್ ಹೆಸರು ಹೆಚ್ಚಾಗಿ ಅಲ್ಲಿರುತ್ತದೆ. ಎರಡನೆಯದು ಪೂರ್ತಿ ಗೋಡೆ, ಮೂರನೆಯದು ರಸ್ತೆಯ ಫಲಕವೂ ಸೇರಿದ ಹಾಗೆ. ಫೋನಿನ ಲೊಕೇಶನ್ ಆನ್ ಇರಲಿ. ಆದರೆ ಎತ್ತರದ ಕಟ್ಟಡಗಳ ನಡುವೆ ಅದು ಪಕ್ಕದ ಓಣಿ ತೋರಿಸುವುದುಂಟು, ಆ ಫಲಕ ಬೇಕಾಗುವುದು ಅದಕ್ಕೇ.

ಗೋಡೆ ಎಷ್ಟು ದಿನ ಬಾಳುತ್ತದೆ ಅಂತ ಅಂದಾಜು ಮಾಡಲು ಕೆಳಗಿನ ಒಂದು ಮೀಟರ್ ನೋಡಿ. ಊರು ಸಮುದ್ರದ ಅಂಚಿನದು, ನೆಲದೊಳಗಿನ ನೀರು ಉಪ್ಪು. ಆ ತೇವ ಗೋಡೆಯೊಳಗೆ ಮೇಲೇರಿ, ಬಿಸಿಲಿಗೆ ಆರಿ, ಉಪ್ಪು ಹರಳುಗಟ್ಟುತ್ತದೆ. ಹರಳು ಹಿಗ್ಗಿದಂತೆ ಬಣ್ಣವೂ ಗಾರೆಯೂ ಗುಳ್ಳೆಯೆದ್ದು ಹಪ್ಪಳದಂತೆ ಕಳಚುತ್ತವೆ. ಬಿಳಿ ಪುಡಿ ಕಂಡರೆ ಆ ಕ್ರಿಯೆ ಶುರುವಾಗಿದೆ ಎಂದರ್ಥ, ಆ ಗೋಡೆಯನ್ನು ಮುಂದಿನ ಸೀಸನ್ನಿಗೆ ಬಿಡಬೇಡಿ. ಬಣ್ಣಗಳಲ್ಲಿ ಮೊದಲು ಹೋಗುವುದು ಫ್ಲೋರೊಸೆಂಟ್ ಛಾಯೆಗಳು, ಆಮೇಲೆ ಗುಲಾಬಿ ಮತ್ತು ಕೆಲವು ಹಳದಿಗಳು. ಕಾವಿ, ಕಪ್ಪು ಗಟ್ಟಿ. ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳು ಉತ್ತರದ್ದಕ್ಕಿಂತ ಬೇಗ ಮಂಕಾಗುತ್ತವೆ. ಆದರೆ ಮಂಕಾಗಿ ಕಂಡದ್ದೆಲ್ಲ ಬಣ್ಣ ಹೋದದ್ದಲ್ಲ, ಎಷ್ಟೋ ಸಲ ಅದು ವಾಯುವ್ಯದಿಂದ ಬೀಸುವ ಶಮಾಲ್ ಗಾಳಿ ತಂದು ಮೆತ್ತಿದ ಧೂಳು. ಚಳಿಗಾಲದಲ್ಲಿ ಅಪರೂಪಕ್ಕೊಂದು ಮಳೆ ಬಿದ್ದರೆ ಮರುದಿನ ಬೆಳಗ್ಗೆ ಬೇರೆಲ್ಲ ಕೆಲಸ ಬಿಟ್ಟು ಗೋಡೆಗಳ ಕಡೆ ಹೋಗಿ.

ಸಲ್ವಾ ರಸ್ತೆಯ ಸುರಂಗಗಳನ್ನು ಮಾತ್ರ ಓಡುವ ಕಾರಿನಿಂದಲೇ ನೋಡಬೇಕು. ನಾಲ್ಕು ಅಂಡರ್‌ಪಾಸ್‌ಗಳಲ್ಲಿ ಎಲ್ ಸೀಡ್ ಅವರು ಬರೆದ 52 ಅರಬ್ಬಿ ಅಕ್ಷರಚಿತ್ರಗಳಿವೆ, 2013ರಲ್ಲಿ ಮುಗಿದವು. ಕಾರು ನಿಲ್ಲಿಸುವಂತಿಲ್ಲ, ಡ್ರೈವರ್ ಫೋನ್ ಮುಟ್ಟುವಂತಿಲ್ಲ; ಪಕ್ಕದಲ್ಲಿ ಕೂತವರಿಗೇ ಕೆಲಸ. ಇಲ್ಲೊಂದು ಪೇಚಿದೆ. ಕಾರಿನ ವೇಗಕ್ಕೆ 1/500 ಸೆಕೆಂಡಿನ ಶಟರ್ ಬೇಕು, ಆದರೆ ಇಲ್ಲಿನ ವಿದ್ಯುತ್ 50 ಹರ್ಟ್ಸ್, ಅಂದರೆ ಬಲ್ಬು ಸೆಕೆಂಡಿಗೆ 100 ಸಲ ಮಿನುಗಬಹುದು. ಬಲ್ಬುಗಳು ಕಣ್ಣಿಗೆ ಕಾಣದಂತೆ ಮಿನುಗುತ್ತಿದ್ದರೆ ಆ ವೇಗದ ಶಟರಿನಲ್ಲಿ ಚಿತ್ರದ ಮೇಲೆ ಕಪ್ಪು ಪಟ್ಟೆಗಳು ಬೀಳುತ್ತವೆ. 1/100ಕ್ಕೆ ಇಳಿಸಿದರೆ ಪಟ್ಟೆ ಹೋಗುತ್ತದೆ, ಅಕ್ಷರ ಕದಲುತ್ತದೆ. ಸ್ಟಿಲ್ ಫೋಟೋದ ಆಸೆ ಬಿಟ್ಟು ಸೆಕೆಂಡಿಗೆ 25 ಫ್ರೇಮ್, 1/50 ಶಟರಿನ ವಿಡಿಯೊ ಮಾಡುವುದು ನನ್ನ ಮಟ್ಟಿಗೆ ಸರಿಹೋಗುವ ಉಪಾಯ. ಅಕ್ಷರ ತುಸು ಕದಲಿದರೂ ಸಾಲು ಓಡುವ ಲಯ ಸಿಗುತ್ತದೆ, ಆ ಚಿತ್ರಗಳು ಹೇಗೂ ಓಡುವ ಕಣ್ಣಿಗೆಂದೇ ಬರೆದವು.

ಇಷ್ಟೆಲ್ಲ ಊರೊಳಗಿನದು. ಒಂದೇ ಒಂದು ನೋಡಲು ಸಮಯವಿದೆ ಅಂದರೆ ನಾನು ಊರು ಬಿಟ್ಟು ಪಶ್ಚಿಮಕ್ಕೆ ಕಳಿಸುತ್ತೇನೆ, ಸೆರ್ರಾ ಅವರ ‘ಈಸ್ಟ್-ವೆಸ್ಟ್/ವೆಸ್ಟ್-ಈಸ್ಟ್’ ಕಡೆಗೆ. ದುಖಾನ್ ಹೆದ್ದಾರಿಯಲ್ಲಿ 80 ಕಿ.ಮೀ. ಆಸುಪಾಸು ಹೋಗಿ ಜೆಕ್ರೀತ್ ಕಡೆ ತಿರುಗಿ, ಡಾಂಬರು ಮುಗಿದ ಮೇಲೆ ಕಚ್ಚಾ ದಾರಿ. 2014ರ ಕೃತಿ: ನಾಲ್ಕು ಉಕ್ಕಿನ ಹಾಳೆ, ಒಂದು ಕಿಲೋಮೀಟರಿಗೂ ಮೀರಿದ ಒಂದೇ ಸಾಲು. ಎರಡರ ಎತ್ತರ 14.7 ಮೀಟರ್, ಎರಡರದ್ದು 16.7. ಈ ಎರಡು ಮೀಟರಿನ ವ್ಯತ್ಯಾಸದಲ್ಲೇ ಎಲ್ಲ ಇದೆ. ನೆಲ ಏರಿಳಿತದ್ದು, ತಗ್ಗಿನಲ್ಲಿ ನಿಂತ ಹಾಳೆ ಎತ್ತರದ್ದು, ದಿಬ್ಬದ್ದು ಗಿಡ್ಡ, ಹಾಗಾಗಿ ನಾಲ್ಕರ ತುದಿಯೂ ಒಂದೇ ಮಟ್ಟಕ್ಕೆ ಬರುತ್ತದೆ. ಆ ಮಟ್ಟವೇ ಎರಡೂ ಬದಿಯ ಜಿಪ್ಸಂ ದಿಣ್ಣೆಗಳ ನೆತ್ತಿಯ ಮಟ್ಟ ಕೂಡ. ಹಾಳೆಯ ಬುಡದಲ್ಲಿ ನಿಂತವರಿಗೆ ಇದು ಗೊತ್ತಾಗುವುದೇ ಇಲ್ಲ. ಸಾಲಿನಿಂದ ಪಕ್ಕಕ್ಕೆ ದೂರ ನಡೆದು, ಕ್ಯಾಮೆರಾದ ಗ್ರಿಡ್ ಆನ್ ಮಾಡಿ, ಅಡ್ಡಗೆರೆಯನ್ನು ದಿಣ್ಣೆಯ ನೆತ್ತಿಗೆ ಹೊಂದಿಸಿ ನೋಡಿ. ಆಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಿರಿ. ನಡು ಮಧ್ಯಾಹ್ನ ಈ ಉಕ್ಕು ಬರೀ ಕಪ್ಪು. ಸೂರ್ಯ ಕೆಳಗಿಳಿದಾಗ ತುಕ್ಕಿನ ಕೇಸರಿ, ಕಂದು, ಮಳೆನೀರು ಹರಿದ ಗೆರೆ ಎಲ್ಲ ಹೊರಬರುತ್ತವೆ. ಆ ತುಕ್ಕೇ ಉಕ್ಕಿನ ರಕ್ಷಾಕವಚ. ಗೀಚಿದ ಹೆಸರು ಅದರ ಮೇಲೆ ವರ್ಷಗಟ್ಟಲೆ ಉಳಿಯುತ್ತದೆ, ಉಳಿದೂ ಇದೆ. ಅದಕ್ಕಿಂತ ನಾಚಿಕೆಗೇಡಿನ ಕೆಲಸ ಇನ್ನೊಂದಿಲ್ಲ.

ಈ ದಾರಿಗೆ ಸೆಡಾನ್ ತರಬೇಡಿ, ಕಲ್ಲಿಗೆ ತಳ ತಾಗುತ್ತದೆ. ನಿಜವಾದ ಅಪಾಯ ಕಲ್ಲಿನದ್ದಲ್ಲ, ಸಬ್ಖಾದ್ದು. ಮೇಲೆ ಒಣಗಿದ ಉಪ್ಪಿನ ಪೊರೆ, ಕೆಳಗೆ ಒದ್ದೆ ಕೆಸರು. ಸುತ್ತಲಿನ ನೆಲಕ್ಕಿಂತ ಕಪ್ಪಾಗಿ, ಚಪ್ಪಟೆಯಾಗಿ, ಕಾರು ಓಡಿಸಲು ಹೇಳಿಮಾಡಿಸಿದ ಹಾಗೆ ಕಾಣುವ ಜಾಗವೇ ಅದು. ಈಗಾಗಲೇ ಬಿದ್ದ ಗಾಲಿ ಗುರುತು ಬಿಟ್ಟು ಅಡ್ಡದಾರಿ ಹಿಡಿಯಬೇಡಿ. ಇದು ಯುನೆಸ್ಕೊ ಗುರುತಿಸಿದ ಅಲ್ ರೀಮ್ ಜೀವಗೋಳ ಮೀಸಲಿನ ಭಾಗ, ಆ ಕಾರಣಕ್ಕೂ ಅಡ್ಡದಾರಿ ಸಲ್ಲದು. ಸಡಿಲ ಮರಳು ಎದುರಾದರೆ ಟೈರಿನ ಗಾಳಿ 18ರಿಂದ 20 ಪಿಎಸ್‌ಐಗೆ ಇಳಿಸಿ. ಗಾಲಿ ಗಿರ್ರನೆ ತಿರುಗಿದ ಕ್ಷಣ ಆಕ್ಸಿಲರೇಟರ್ ಬಿಡಿ. ಒತ್ತಿದಷ್ಟೂ ಗುಂಡಿ ತೋಡಿಕೊಳ್ಳುತ್ತದೆ, ಆಮೇಲೆ ತಳ ಕೂತರೆ ಮುಗಿಯಿತು. ಡಾಂಬರಿಗೆ ಮರಳುವ ಮೊದಲು ಗಾಳಿ ತುಂಬಿಸಲೇಬೇಕು. ಕಡಿಮೆ ಗಾಳಿಯಲ್ಲಿ ಹೆದ್ದಾರಿಯ ವೇಗಕ್ಕೆ ಓಡಿಸಿದರೆ ಟೈರಿನ ಪಕ್ಕೆ ಬಿಸಿಯೇರಿ ಸಿಡಿಯುತ್ತದೆ. ಸಣ್ಣ ಕಂಪ್ರೆಸರ್, ಸಲಿಕೆ, ಎಳೆಯುವ ಪಟ್ಟಿ, ತಲೆಗೆ 5 ಲೀಟರ್ ನೀರು, ಆಫ್‌ಲೈನ್ ಮ್ಯಾಪ್, ಸಾಧ್ಯವಾದರೆ ಎರಡನೇ ಗಾಡಿ. ತುರ್ತು ಕರೆಗೆ 999. ಕತ್ತಲಾದ ಮೇಲೆ ಎಲ್ಲ ಗಾಲಿ ಗುರುತುಗಳೂ ಒಂದೇ ಥರ ಕಾಣುತ್ತವೆ, ಹಾಗಾಗಿ ಸೂರ್ಯ ಮುಳುಗಿದ ಅರ್ಧ ಗಂಟೆಯೊಳಗೆ ಡಾಂಬರು ಸೇರಿಕೊಳ್ಳಿ.

ಉತ್ತರದಲ್ಲಿ, ಸುಮಾರು 100 ಕಿ.ಮೀ. ದೂರದ ಅಲ್ ಜುಬಾರಾ ಕಡೆ, ಒಲಾಫುರ್ ಎಲಿಯಾಸನ್ ಅವರ 2022ರ ಕೃತಿ ಇದೆ: ಮರಳಿನಲ್ಲಿ ದುಂಡನೆಯ 20 ಚಪ್ಪರಗಳು, ಜೊತೆಗೆ ಉಕ್ಕಿನ ಬಳೆಗಳು. ಚಪ್ಪರದ ಅಡಿಭಾಗ ಪೂರ್ತಿ ಕನ್ನಡಿ. ಅದನ್ನು ಹೊತ್ತ ಅರ್ಧ ಬಳೆ ಕನ್ನಡಿಯಲ್ಲಿ ತನ್ನ ಇನ್ನರ್ಧವನ್ನು ಪಡೆದು ಪೂರ್ಣ ಬಳೆಯಾಗುತ್ತದೆ. ಕತ್ತೆತ್ತಿದರೆ ಮೇಲೆ ಮರಳು, ಮರಳಿನಲ್ಲಿ ತಲೆಕೆಳಗಾಗಿ ನೀವು. ಇದಕ್ಕೆ ಬೆಳಗಿನ ಹೊತ್ತೇ ಸರಿ. ತಡವಾದಷ್ಟೂ ಕನ್ನಡಿಯಲ್ಲಿ ಮರಳಿಗಿಂತ ಜನರೇ ಜಾಸ್ತಿ. ಅಲ್ಲೇ 1938ರ ಕೋಟೆ ಇರುವುದರಿಂದ ಅರ್ಧ ದಿನ ಸಾರ್ಥಕ.

ಡ್ರೋನ್ ಬೇಡ, ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ದುಖಾನ್ ಆಸುಪಾಸಿನ ತೈಲ ಘಟಕಗಳ ಕಡೆ ಕ್ಯಾಮೆರಾ ತಿರುಗಿಸಬೇಡಿ. ಆಸ್ಪತ್ರೆಯ ಮುಂದೆ ರೋಗಿಗಳು, ಎಲ್ಲೆಡೆ ಹೆಂಗಸರು ಮಕ್ಕಳು ಫ್ರೇಮಿನಲ್ಲಿ ಬಾರದ ಹಾಗೆ ಕಾಯಿರಿ.

ಬೆಂಗಳೂರಿನಿಂದ ದೋಹಾ ಮೇಲೆ ಯುರೋಪಿಗೋ ಅಮೆರಿಕಕ್ಕೋ ಹೋಗುವವರಿಗೆ ಮರುಭೂಮಿ ಸಿಗದಿದ್ದರೂ ಹಮದ್ ವಿಮಾನ ನಿಲ್ದಾಣವಂತೂ ಸಿಗುತ್ತದೆ. ಡ್ಯೂಟಿ ಫ್ರೀ ನಡುವೆ ಉರ್ಸ್ ಫಿಷರ್ ಅವರ ‘ಲ್ಯಾಂಪ್ ಬೇರ್’, ಸುಮಾರು 7 ಮೀಟರಿನ ಹಳದಿ ಕರಡಿ. ಬಟ್ಟೆಯ ಗೊಂಬೆಯಂತೆ ಕಂಡರೂ ಅದು ಎರಕದ ಕಂಚು. ಇದನ್ನು ನೋಡಲು ಬೋರ್ಡಿಂಗ್ ಪಾಸ್ ಬೇಕು, ದೋಹಾದಲ್ಲೇ ವಾಸವಿರುವವರಿಗೂ ವಿಮಾನ ಹತ್ತುವ ದಿನವಷ್ಟೇ ಅವಕಾಶ. ಟ್ರಾನ್ಸಿಟ್ ಎರಡು ಗಂಟೆಯದ್ದಾದರೆ ಕರಡಿಯನ್ನಷ್ಟೇ ನೋಡಿ ಗೇಟಿಗೆ ಹೋಗಿ. ನಾಲ್ಕು ಗಂಟೆ ಇದ್ದರೆ ಕಲಾವಿದ ಕಾಸ್ (KAWS) ಅವರ ದೈತ್ಯ ಮರದ ಗೊಂಬೆಯನ್ನೂ ಸೇರಿಸಿಕೊಳ್ಳಬಹುದು.