ಡೊಮೈನ್ ನವೀಕರಣ: ಹಣ ಕಟ್ಟುವುದು ಸುಲಭ, ಒಳಗೆ ಹೋಗುವುದೇ ಕಷ್ಟ

ಕರೆಂಟ್ ಬಿಲ್ಲು ಕಟ್ಟದಿದ್ದರೆ ಲೈನ್‌ಮ್ಯಾನ್ ಮನೆಗೇ ಬಂದು ಫ್ಯೂಸ್ ಕಿತ್ತುಕೊಂಡು ಹೋಗುತ್ತಾನೆ, ಆಗಲಾದರೂ ನೆನಪಾಗುತ್ತದೆ. ಅವಧಿ ಮುಗಿದಾಗಲೆಲ್ಲ ಹಣ ಕಟ್ಟಿ ಉಳಿಸಿಕೊಳ್ಳಬೇಕಾದ ಜಾಲತಾಣದ ಹೆಸರು, ಅಂದರೆ ಡೊಮೈನ್‌ಗೆ ಆ ಭಾಗ್ಯವೂ ಇಲ್ಲ. ಕೇರಳದ ಗಡಿಜಿಲ್ಲೆ ಕಾಸರಗೋಡಿನ ನೀರ್ಚಾಲಿನಲ್ಲಿ ಹಲಸಿನ ಹಪ್ಪಳ, ಮಾಂಬಳ ಮಾಡಿ ಆನ್‌ಲೈನಿನಲ್ಲಿ ಮಾರುವ ನಮ್ಮ ಅತ್ತಿಗೆಯ ಜಾಲತಾಣ ಕಳೆದ ಮಳೆಗಾಲದಲ್ಲಿ ಸದ್ದಿಲ್ಲದೆ ಮಾಯವಾಯಿತು. ಬೆಂಗಳೂರಿನ ಗಿರಾಕಿಯೊಬ್ಬರು ಫೋನ್ ಮಾಡಿ, ‘ಅಕ್ಕಾ, ನಿಮ್ಮ ಹಪ್ಪಳದ ಪುಟ ತೆರೆದರೆ ಯಾವುದೋ ಸಾಲದ ಜಾಹೀರಾತು ಬರುತ್ತಿದೆ’ ಎಂದಾಗಲೇ ವಿಷಯ ತಿಳಿದದ್ದು. ಆಮೇಲೆ ಬದಿಯಡ್ಕ, ಕುಂಬಳೆ, ಮುಳ್ಳೇರಿಯ ಕಡೆಯ ನಾಲ್ಕೈದು ಮಂದಿಗೆ ಪಕ್ಕದಲ್ಲಿ ಕುಳಿತು ನವೀಕರಣ ಮಾಡಿಸಿದ್ದೇನೆ. ಹೆಚ್ಚುಕಡಿಮೆ ಎಲ್ಲರೂ ಎಡವಿದ್ದು ಎರಡನೆಯ ಹೆಜ್ಜೆಯಲ್ಲಿ.

ಮೊದಲ ಹೆಜ್ಜೆ, ಡೊಮೈನ್ ಅದನ್ನು ಮಾರುವ ಯಾವ ಕಂಪನಿಯಲ್ಲಿದೆ, ಎಂದಿನವರೆಗೆ ಇದೆ ಎಂದು ನೋಡುವುದು. ಡಾಟ್ ಕಾಮ್ ಹೆಸರಾದರೆ ಜಗತ್ತಿನ ಡೊಮೈನ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕಾನ್ ಸಂಸ್ಥೆಯ ಲುಕಪ್ ಪುಟದಲ್ಲಿ, ಡಾಟ್ ಇನ್ ಆದರೆ ಅದನ್ನು ನೋಡಿಕೊಳ್ಳುವ ನಿಕ್ಸಿಯ ರಿಜಿಸ್ಟ್ರಿ ಪುಟದಲ್ಲಿ ಹೆಸರು ಹಾಕಿದರೆ ಎರಡೂ ಸಿಗುತ್ತವೆ. ಒಂದು ಎಚ್ಚರಿಕೆ: ಅವಧಿ ಮುಗಿದ ಡಾಟ್ ಕಾಮ್ ಹೆಸರಿಗೆ ಅಲ್ಲಿ ಮುಂದಿನ ವರ್ಷದ ದಿನಾಂಕ ಕಾಣಬಹುದು. ಎಲ್ಲ ಡಾಟ್ ಕಾಮ್ ಹೆಸರುಗಳ ಮೂಲ ದಾಖಲೆ ಇಡುವ ರಿಜಿಸ್ಟ್ರಿ ಅವಧಿ ಮುಗಿದ ದಿನ ತಾನಾಗಿ ಒಂದು ವರ್ಷ ಏರಿಸಿಡುತ್ತದೆ, ನೀವು ಹಣ ಕಟ್ಟದಿದ್ದರೆ ಮಾರಿದ ಕಂಪನಿ ಅದನ್ನು ರದ್ದು ಮಾಡಿಸುತ್ತದೆ. ‘ಇನ್ನೂ ಒಂದು ವರ್ಷ ಇದೆಯಲ್ಲ’ ಎಂದು ಅಡಿಕೆ ಸುಲಿಯಲು ಹೋದವರನ್ನು ಕಂಡಿದ್ದೇನೆ.

ಎರಡನೆಯದು ಖಾತೆಯ ಒಳಗೆ ಹೋಗುವುದು. ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮೊದಲು ಒಮ್ಮೆ, ಒಂದು ವಾರದ ಮೊದಲು ಇನ್ನೊಮ್ಮೆ ಡಾಟ್ ಕಾಮ್ ಹೆಸರಿಗೆ ನೆನಪಿನ ಮೇಲ್ ಕಳಿಸಬೇಕೆಂದು ಐಕಾನ್ ನಿಯಮವೇ ಇದೆ. ಕಳಿಸಿಯೂ ಇರುತ್ತಾರೆ, ಯಾರಿಗೆ? ಅತ್ತಿಗೆಯ ಡೊಮೈನ್ ಇದ್ದದ್ದು ಜಾಲತಾಣ ಮಾಡಿಕೊಟ್ಟ ಮಂಗಳೂರಿನ ಹುಡುಗನ ಖಾತೆಯಲ್ಲಿ, ಅವನ ಮೇಲ್ ವಿಳಾಸದಲ್ಲಿ. ಅವನು ದುಬೈಗೆ ಹೋಗಿ ಎರಡು ವರ್ಷವಾಗಿತ್ತು. ಒಟಿಪಿ ಹೋಗುವ ಮೊಬೈಲ್ ನಂಬರು ಅವನ ಹಳೆಯ ಸಿಮ್ಮಿನದು, ರೀಚಾರ್ಜ್ ಇಲ್ಲದೆ ಸತ್ತು ಹೋಗಿತ್ತು. ಗಡಿಯ ಈಚೆಗೊಂದು ಆಚೆಗೊಂದು ಸಿಮ್ ಇಟ್ಟುಕೊಳ್ಳುವ ನಮ್ಮಲ್ಲಿ ಇದು ಸ್ವಂತ ಖಾತೆ ಇರುವವರಿಗೂ ಆಗುತ್ತದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕುಂಬಳೆಯ ಒಬ್ಬರು ಖಾತೆಗೆ ಕೊಟ್ಟದ್ದು ಅದೇ ಡೊಮೈನಿನ ಮೇಲ್ ವಿಳಾಸ. ಡೊಮೈನ್ ನಿಂತಿತು, ಜೊತೆಗೆ ಮೇಲೂ ನಿಂತಿತು. ಪಾಸ್‌ವರ್ಡ್ ಮರೆತಿದೆ ಎಂದು ಒತ್ತಿದರೆ ಬರಬೇಕಾದ ಕೊಂಡಿ ಆ ಸತ್ತ ಪೆಟ್ಟಿಗೆಗೇ ಹೋಗುತ್ತಿತ್ತು. ಕೀಲಿಕೈಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ.

ಆದ್ದರಿಂದ ಇನ್ನೂ ಎರಡು ತಿಂಗಳು ಇರುವಾಗಲೇ ಒಮ್ಮೆ ಲಾಗಿನ್ ಆಗಿ. ಮೇಲ್ ವಿಳಾಸವನ್ನು ನಿಮ್ಮ ಸ್ವಂತ ಜಿಮೇಲಿಗೆ, ನಂಬರನ್ನು ದಿನವೂ ಬಳಸುವ ಮೊಬೈಲಿಗೆ ಬದಲಿಸಿ. ಮಾಲಿಕರ ಹೆಸರಿನ ಜಾಗದಲ್ಲಿ ನಿಮ್ಮ ಹೆಸರೇ ಇದೆಯೇ ನೋಡಿ. ಅದನ್ನು ಬದಲಿಸಿದರೆ ಕೆಲವು ಕಡೆ 60 ದಿನ ಬೇರೆ ಕಂಪನಿಗೆ ವರ್ಗಾಯಿಸಲು ಬಿಡುವುದಿಲ್ಲ, ನವೀಕರಣಕ್ಕೆ ಅಡ್ಡಿಯಿಲ್ಲ. ಮಾಡಿಕೊಟ್ಟವರು ಕೈಗೆ ಸಿಗದಿದ್ದರೆ ಕಂಪನಿಯ ಗ್ರಾಹಕ ಸೇವೆಗೆ ಬರೆದು ಗುರುತಿನ ಚೀಟಿ, ಅಂಗಡಿ ಲೈಸೆನ್ಸ್, ಹಳೆಯ ರಸೀದಿ ಕೊಡಬೇಕು. ಅದಕ್ಕೆ ದಿನಗಳು ಹಿಡಿಯುತ್ತವೆ. ಖಾತೆಗೆ ಹೋಗದೆಯೂ ಯಾರು ಬೇಕಾದರೂ ಹಣ ಕಟ್ಟಲು ಬಿಡುವ ಕಂಪನಿಗಳು ಕೆಲವೇ ಇವೆ. ಮೊದಲ ಮೇಲಿನಲ್ಲೇ ಅದನ್ನು ಕೇಳಿಬಿಡಿ.

ಒಳಗೆ ಹೋದ ಮೇಲೆ ನಿಮ್ಮ ಡೊಮೈನ್ ಪಟ್ಟಿ ತೆರೆದು ಅಲ್ಲಿಂದಲೇ ನವೀಕರಣ ಒತ್ತಿ. ಮುಖಪುಟದ ದೊಡ್ಡ ಹುಡುಕುವ ಚೌಕದಲ್ಲಿ ಹೆಸರು ಬರೆಯಬೇಡಿ, ಅದು ಹೊಸ ಹೆಸರು ಮಾರುವ ಅಂಗಡಿ. ಬದಿಯಡ್ಕವನ್ನು ಇಂಗ್ಲಿಷಿನಲ್ಲಿ ಊರಿಗೆ ಊರೇ ಎರಡು ಮೂರು ವಿಧ ಬರೆಯುತ್ತದೆ. ಒಬ್ಬರು ಒಂದು ‘ವೈ’ ಹೆಚ್ಚು ಹಾಕಿ ಹೊಸ ಡೊಮೈನನ್ನೇ ಕೊಂಡು, ನವೀಕರಣವಾಯಿತು ಎಂದು ನನಗೆ ಪಾಯಸ ಕೊಟ್ಟಿದ್ದರು.

ಬುಟ್ಟಿಯಲ್ಲಿ ನೀವು ಕೇಳದ ಸಾಮಾನು ತಾನಾಗಿ ಕೂತಿರುತ್ತದೆ. ಜಾಲತಾಣದ ಸಂಪರ್ಕಕ್ಕೆ ಬೀಗ ಹಾಕುವ ಎಸ್‌ಎಸ್‌ಎಲ್ ಪ್ರಮಾಣಪತ್ರವನ್ನು ಹಣ ಕೊಟ್ಟು ಕೊಳ್ಳುವುದು ಸಣ್ಣ ಅಂಗಡಿಗೆ ದಂಡ, ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ ಅದನ್ನು ಬಿಟ್ಟಿಯಾಗಿಯೇ ಕೊಡುತ್ತದೆ. ಮೊದಲ ವರ್ಷ ನೂರೋ ಇನ್ನೂರೋ ರೂಪಾಯಿಗೆ ಸಿಕ್ಕ ಡಾಟ್ ಕಾಮ್ ನವೀಕರಣಕ್ಕೆ ಸಾವಿರ ದಾಟಿದರೆ ಗಾಬರಿ ಬೇಡ, ಅದೇ ಅದರ ನಿಜವಾದ ಬೆಲೆ. ಉಳಿದ ಅವಧಿಯೂ ಸೇರಿ 10 ವರ್ಷ ಮೀರದಂತೆ ಒಮ್ಮೆಗೇ ಕಟ್ಟಬಹುದು; ನಾನು ಮೂರು ವರ್ಷಕ್ಕೇ ಕಟ್ಟಿಸುವುದು, ಅದಕ್ಕಿಂತ ಹೆಚ್ಚಾದರೆ ಪಾಸ್‌ವರ್ಡ್ ಮರೆತೇ ಹೋಗುತ್ತದೆ. ಬೇಗ ಕಟ್ಟಿದರೆ ದಿನ ನಷ್ಟವಾಗುವುದಿಲ್ಲ, ಹಳೆಯ ಕೊನೆಯ ದಿನಾಂಕದಿಂದಲೇ ಲೆಕ್ಕ. ಜಿಎಸ್‌ಟಿ ನೋಂದಣಿ ಇದ್ದವರು ನಂಬರನ್ನು ಹಣ ಕಟ್ಟುವ ಮೊದಲೇ ಹಾಕಿ. ನಮ್ಮ ಕಾಸರಗೋಡಿನವರು ರಾಜ್ಯ ಕೇರಳ ಎಂದೇ ಆರಿಸಿ: ನಂಬರು 32ರಿಂದ ಶುರುವಾಗಿ ವಿಳಾಸ ಮಂಗಳೂರಿನದಾದರೆ ಬಿಲ್ಲು ಕೆಡುತ್ತದೆ.

ಹಣ ಕಟ್ಟಲು ಯುಪಿಐ ಸಾಕು. ತಾನಾಗಿ ನವೀಕರಣವಾಗುವ ಗುಂಡಿ ಒತ್ತಿ ನಿದ್ದೆ ಮಾಡಬೇಡಿ. 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡಿನಿಂದ ತಾನಾಗಿ ಹಣ ಕಡಿತವಾಗಬೇಕಾದರೆ ಮೊದಲೇ ಒಟಿಪಿ ಕೊಟ್ಟು ಇ-ಮ್ಯಾಂಡೇಟ್, ಅಂದರೆ ಮುಂಗಡ ಒಪ್ಪಿಗೆ ಮಾಡಿಸಿರಬೇಕು. ಹಲವು ವಿದೇಶಿ ಕಂಪನಿಗಳಲ್ಲಿ ಆ ಸೌಲಭ್ಯವೇ ಇಲ್ಲ, ಹಾಗಾಗಿ ಕಡಿತ ವಿಫಲವಾಗುತ್ತದೆ.

ಈ ಹೊತ್ತಿನಲ್ಲೇ ‘ನಿಮ್ಮ ಡೊಮೈನ್ ಇಂದೇ ರದ್ದು’ ಎಂಬ ಕೆಂಪಕ್ಷರದ ಮೇಲುಗಳೂ ಬರುತ್ತವೆ. ಕೆಳಗೆ ಸಣ್ಣದಾಗಿ ‘ಸರ್ಚ್ ಎಂಜಿನ್ ಸೇವೆ’ ಎಂದಿರುತ್ತದೆ, ಅಂದರೆ ಅದು ನವೀಕರಣದ ಬಿಲ್ಲೇ ಅಲ್ಲ. ಮೊದಲ ಹೆಜ್ಜೆಯಲ್ಲಿ ಕಂಡ ಕಂಪನಿಯ ಹೆಸರಲ್ಲದಿದ್ದರೆ ಅಳಿಸಿಬಿಡಿ.

ಅವಧಿ ಮುಗಿದೇ ಹೋಗಿದ್ದರೆ? ಡಾಟ್ ಕಾಮ್‌ಗೆ ಹೆಚ್ಚೆಂದರೆ 45 ದಿನ ಸಾಮಾನ್ಯ ದರದಲ್ಲೇ ಕಟ್ಟಲು ಅವಕಾಶವಿರಬಹುದು. ಕಂಪನಿಗೊಂದು ಲೆಕ್ಕ, ಕೆಲವರು ಅಷ್ಟರೊಳಗೆ ಹರಾಜಿಗೂ ಇಡುತ್ತಾರೆ. ಕಂಪನಿ ಹೆಸರನ್ನು ಅಳಿಸಿದ ಮೇಲೆ 30 ದಿನ ದೊಡ್ಡ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಮತ್ತೆ 5 ದಿನ ಯಾರಿಗೂ ಇಲ್ಲ, ಆಮೇಲೆ ಮೊದಲು ಬಂದವರಿಗೆ.

ಅತ್ತಿಗೆಗೆ ಹೆಸರು ಸಿಕ್ಕಿದ್ದು ಹನ್ನೊಂದನೆಯ ದಿನ. ದುಬೈಯ ಹುಡುಗ ಪಾಪ, ರಾತ್ರಿ ಡ್ಯೂಟಿ ಮುಗಿಸಿ ಬಂದು ಖಾತೆ ಬದಲಿಸಿಕೊಟ್ಟ. ಆ ಹನ್ನೊಂದು ದಿನ ಗಿರಾಕಿಗಳು ಬರೆದ ಮೇಲುಗಳು ಮಾತ್ರ ಬಂದು ಸೇರಲೇ ಇಲ್ಲ. ಎಷ್ಟು ಕಟ್ಟು ಹಪ್ಪಳದ ಆರ್ಡರು ಹೋಯಿತೆಂದು ಅವಳು ಈಗಲೂ ಲೆಕ್ಕ ಹಾಕುತ್ತಿದ್ದಾಳೆ.