ಸ್ಟರ್ಲೆಟ್ ಮರಿ ಸೊರಗುತ್ತಿದ್ದರೆ

ಇಂಗ್ಲೆಂಡಿನ ನಮ್ಮ ಹಿತ್ತಲ ಕೊಳದಲ್ಲಿ ಸ್ಟರ್ಜನ್ ಎಂಬ ಮೀನಿನ ಮರಿಗಳು ಸೊರಗುತ್ತಿದ್ದವು, ನೂಲಿನಂಥ ಪಾಚಿಗೆ ಸಿಕ್ಕಿಕೊಳ್ಳುತ್ತಿದ್ದವು. ಜಾತಿ ಸ್ಟರ್ಲೆಟ್: ಮೀಸೆಗೆ ಕುಚ್ಚು, ಮೈಯ ಪಕ್ಕದ ಸಾಲಿನಲ್ಲಿ 50ಕ್ಕೂ ಜಾಸ್ತಿ ಪುಟ್ಟ ಎಲುಬಿನ ಬಿಲ್ಲೆಗಳು.

ನೀರು ಬದಲಿಸಿದರೂ ಪ್ರಯೋಜನವಾಗಲಿಲ್ಲ. ತೇಲುವ ಕಾಳು (ಮೀನಿನ ಆಹಾರದ ಉಂಡೆ) ಜಾಸ್ತಿ ಹಾಕಿದರೆ ಅದೇ ಕೊಳದ ಕೊಯ್ ಎಂಬ ಬಣ್ಣದ ಅಲಂಕಾರಿಕ ಮೀನುಗಳೇ ದಪ್ಪಗಾದವು. ಸ್ಟರ್ಲೆಟ್ ತಳ ತಡಕಿ ತಿನ್ನುವ ಮೀನು ಅಲ್ವಾ!

ಕೊನೆಗೆ ಫಲ ಕೊಟ್ಟಿದ್ದು ಈ ಕ್ರಮ. ಮೊದಲು ಪಾಚಿಯನ್ನೆಲ್ಲ ಕೈಯಿಂದ ಕಿತ್ತೆ. ಹಿಂದಕ್ಕೆ ಈಜಿ ಬಿಡಿಸಿಕೊಳ್ಳುವುದು ಈ ಮರಿಗಳಿಗೆ ಕಷ್ಟ. ಏರ್ ಪಂಪ್ ಹಗಲೂ ರಾತ್ರಿ ಓಡಿಸಿದೆ. ಮುಸ್ಸಂಜೆಗೆ ಒಂದು ತುದಿಯಲ್ಲಿ ಕೊಯ್‌ಗಳಿಗೆ ತೇಲುವ ಕಾಳು. ಅವು ಅಲ್ಲಿ ಮುತ್ತಿಕೊಂಡಾಗ ಎದುರು ತುದಿಯಲ್ಲಿ 3 ಮಿ.ಮೀ. ಗಾತ್ರದ, 45% ಪ್ರೋಟೀನ್ ಇರುವ, ಮುಳುಗುವ ಸ್ಟರ್ಜನ್ ಕಾಳು. ದಿನವೂ ಅದೇ ಜಾಗ. ಉಳಿದಿದ್ದನ್ನು ಬೆಳಿಗ್ಗೆ ಬಲೆಯಿಂದ ತೆಗೆಯಿರಿ. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಾಳು ಕಡಿಮೆ ಮಾಡಿ, ಗಾಳಿ ಹೆಚ್ಚಿಸಿ.